ಗಂಟೆ ಬೇಡದ ಗಾಳ

ನನ್ನ ಅಕ್ಕನನ್ನು ಹೊಗಳದವರಿಲ್ಲ. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಯಾರನ್ನು ಕೇಳಿದರೂ "ಅಂಥ ಮಗಳು ಏಳೂರು ಹುಡುಕಿದರೂ ಸಿಗಲ್ಲ" ಎನ್ನುತ್ತಾರೆ. ಹೊಗಳುವುದಕ್ಕೇನು, ಬಾಯಿಗೆ ಬಾಡಿಗೆ ಕೊಡಬೇಕೇ? ಹೀಗೆ ಹೊಗಳುವವರಲ್ಲಿ ಒಬ್ಬರಾದರೂ ಅವಳ ಕುರ್ಚಿಯಲ್ಲಿ ಒಂದು ಬೆಳಗ್ಗೆ ಕೂತವರಲ್ಲ. ನಾನು ಕೂತಿದ್ದೇನೆ, ಒಂದೇ ಒಂದು ಬೆಳಗ್ಗೆ. ಆ ಕಥೆ ಹೇಳುತ್ತೇನೆ. ನನ್ನ ಬಗ್ಗೆ ಒಳ್ಳೆಯ ಅಭಿಪ್ರಾಯ ಇಟ್ಟುಕೊಂಡವರು ಯಾರಾದರೂ ಇದ್ದರೆ ಇಲ್ಲಿಗೇ ಓದು ನಿಲ್ಲಿಸಬಹುದು.

ಅಕ್ಕ ರಫೂ ಕೆಲಸ ಮಾಡುತ್ತಾಳೆ. ಹರಿದ ಬಟ್ಟೆಗೆ ತೇಪೆ ಹಾಕುವುದು ಬೇರೆ, ರಫೂ ಬೇರೆ. ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಎಳೆಯಾಗಿ ನೂಲು ತೆಗೆದು, ತೂತಿನ ಮೇಲೆ ಅಡ್ಡಕ್ಕೂ ಉದ್ದಕ್ಕೂ ನೇಯ್ದು, ಅಲ್ಲೊಂದು ತೂತಿತ್ತು ಎಂಬುದೇ ಗೊತ್ತಾಗದ ಹಾಗೆ ಮಾಡುವುದು ರಫೂ. ಇಲಿ ಕಡಿದ ಶಾಲು, ಸಿಗರೇಟು ಸುಟ್ಟ ಕೋಟು, ಮೊಳೆಗೆ ಸಿಕ್ಕಿ ಸೀಳಿದ ಪ್ಯಾಂಟು ಎಲ್ಲ ಅವಳ ಬಳಿಗೆ ಬರುತ್ತವೆ. ಅವಳ ಕೋಣೆ ಮೊದಲ ಮಹಡಿಯಲ್ಲಿ, ಬೀದಿಯ ಕಡೆಗಿದೆ. ಕಿಟಕಿಯ ಪಕ್ಕ ಕೈಗಳಿಲ್ಲದ ಕುರ್ಚಿ, ಅಂಚು ಸವೆದ ಮೇಜು, ಕತ್ತು ಬಗ್ಗಿಸುವ ದೀಪ, ಬಿಸ್ಕತ್ತಿನ ಡಬ್ಬಿಯ ತುಂಬ ಸೂಜಿಗಳು. ಆ ಕೋಣೆಯ ಹಿಂದೆ ಅಡುಗೆಮನೆ, ಪಕ್ಕಕ್ಕೆ ಅಪ್ಪನ ಕೋಣೆ. ಅಪ್ಪನ ಕೋಣೆಗೆ ಬಾಗಿಲಿದೆ, ಆದರೆ ಅದು ಮುಚ್ಚಿದ್ದನ್ನು ನಾನು ನೋಡಿಲ್ಲ.

ಅಪ್ಪ ಮೂವತ್ತೊಂದು ವರ್ಷ ಮರದ ಡಿಪೋದಲ್ಲಿ ಕಾವಲುಗಾರರಾಗಿದ್ದರು. ಡಿಪೋ ಎಷ್ಟು ದೊಡ್ಡದೆಂದರೆ ಈ ಗೇಟಿನವನಿಗೆ ಆ ಗೇಟಿನವನು ಕಾಣುತ್ತಿರಲಿಲ್ಲ. ಅದಕ್ಕೇ ಅಲ್ಲೊಂದು ಕಟ್ಟಳೆ ಇತ್ತು. ಕಾಲು ಗಂಟೆಗೊಮ್ಮೆ ಒಬ್ಬ "ಇದ್ದೀಯಾ?" ಎಂದು ಕೂಗಬೇಕು, ಇನ್ನೊಬ್ಬ ಓಗೊಡಬೇಕು. ಒಂದು ಬೆಳಗಿನ ಜಾವ ಆ ಕಡೆಯಿಂದ ಓಗೊಡುವವರಿಲ್ಲದೆ ಅಪ್ಪ ಓಡಿಹೋಗಿ ನೋಡಿದರೆ, ಉರುಳಿದ ದಿಮ್ಮಿಗಳ ಕೆಳಗೆ ಜೊತೆಗಾರ ಸಿಕ್ಕಿಕೊಂಡು ಹೋಗಿಬಿಟ್ಟಿದ್ದ. ಆ ಬೆಳಗಿನ ಮಾತನ್ನು ಅಪ್ಪ ನಮ್ಮೆದುರು ಒಂದೇ ಸಲ ಆಡಿದ್ದು.

ಹನ್ನೊಂದು ವರ್ಷದ ಹಿಂದೆ ಅಪ್ಪನ ಕಣ್ಣು ಪೂರ್ತಿ ಹೋಯಿತು. ಅಮ್ಮ ಅದಕ್ಕೂ ಮೊದಲೇ ತೀರಿಕೊಂಡಿದ್ದಳು. ಕಣ್ಣು ಹೋದ ಮೇಲೆ ಡಿಪೋ ಮನೆಯೊಳಕ್ಕೇ ಬಂತು. ಕಾಲು ಗಂಟೆಗೊಮ್ಮೆ ಒಳಗಿನಿಂದ "ಇದ್ದೀಯಾ?" ಎಂದು ಕೂಗು, ಕುರ್ಚಿಯಿಂದ "ಇದ್ದೀನಿ" ಎಂದು ಅಕ್ಕನ ಉತ್ತರ. ಆಮೇಲೆ ಅಪ್ಪ ಮಗಳ ನಡುವೆ ಇನ್ನೇನೋ ಒಂದೆರಡು ಗೊಣಗು ನಡೆಯುತ್ತಿತ್ತು. ನಾನು ಭಾನುವಾರಕ್ಕೊಮ್ಮೆ ಹೋದಾಗ ನನ್ನ ಬಾಯಿಗೆ ಬಿಡುವಿರುತ್ತಿರಲಿಲ್ಲವಾದ್ದರಿಂದ ಅದನ್ನು ಕಿವಿಗೊಟ್ಟು ಕೇಳಿದವಳಲ್ಲ. ಅಕ್ಕ ಬಚ್ಚಲಿಗೆ ಹೋಗುವಾಗಲೂ ಹೇಳಿ ಹೋಗಬೇಕು. ತರಕಾರಿಗೆ ಕಿಟಕಿಯಿಂದ ಬುಟ್ಟಿ ಇಳಿಬಿಡುತ್ತಾಳೆ. ಒಮ್ಮೆ ಗೆಳತಿಯ ಮಗಳ ಮದುವೆಗೆಂದು ಎರಡು ತಾಸು ಹೋಗಿದ್ದಕ್ಕೆ ಅಪ್ಪ ಅವಳನ್ನು ಹುಡುಕಿಕೊಂಡು ಹೊರಟು ಮೆಟ್ಟಿಲ ಮೇಲೆ ಬಿದ್ದು ಸೊಂಟ ಮುರಿದುಕೊಂಡರು. ಅಲ್ಲಿಂದ ಮುಂದೆ ಅವಳು ಎಲ್ಲಿಗೂ ಹೋಗಲಿಲ್ಲ. ನಲವತ್ತೇಳು ವರ್ಷದ ಹೆಂಗಸು, ಕಾಲು ಗಂಟೆಗಿಂತ ಉದ್ದದ ಯೋಚನೆಯೊಂದನ್ನು ಮಾಡಿ ಮುಗಿಸಲಾರಳು.

ಹೀಗಿರುವಾಗ ಒಂದು ದಿನ ಬಸ್ ಡ್ರೈವರೊಬ್ಬರು ಬೆನ್ನ ಮೇಲೆ ಹರಿದ ಜಾಕೆಟ್ಟು ತಂದರು. ಮಾತುಗಾರ ಮನುಷ್ಯ.

"ಗಾಳದ ಕೊಕ್ಕೆ ಸಿಕ್ಕಿ ಹರೀತಮ್ಮಾ. ಕೊಕ್ಕೆನೂ ನಂದೇ, ಜಾಕೆಟ್ಟೂ ನಂದೇ. ಆವತ್ತು ಸಿಕ್ಕಿದ್ದು ನಾನೊಬ್ಬನೇ, ಮೀನು ಒಂದೂ ಇಲ್ಲ," ಎಂದು ನಕ್ಕರು.

ಕಾಯುತ್ತ ಕೂತಿದ್ದವರನ್ನು ಅಕ್ಕ ಮಾತಿಗೆಂದು ಕೇಳಿದಳು, "ಅಷ್ಟೊತ್ತು ಅಲ್ಲೇನು ಮಾಡ್ತೀರಿ?"

"ಏನೂ ಇಲ್ಲ, ಕೂತಿರ್ತೀನಿ. ವಾರವಿಡೀ ಜನ ಕೂಗ್ತಾನೇ ಇರ್ತಾರೆ. ನಿಲ್ಸಿ, ಹೋಗಿ, ಬಾಗಿಲು ತೆಗೀರಿ ಅಂತ. ಕೆರೆ ಹತ್ರ ಐದು ಗಂಟೆ ಒಂದು ನರಪಿಳ್ಳೆ ಕರೆಯಲ್ಲ."

ಅಕ್ಕನ ಸೂಜಿ ನಿಂತಿತಂತೆ. "ಐದು ಗಂಟೆನಾ?"

"ಐದು."

"ಒಂದು ಸಲಾನೂ ಕರೆಯಲ್ವಾ?"

"ಯಾರಿದ್ದಾರೆ ಕರೆಯೋಕೆ? ಕಪ್ಪೆ ಕರೀಬೇಕು."

ಇದಿಷ್ಟನ್ನೂ ಆ ಭಾನುವಾರ ನನಗೆ ಹೇಳಿ, ದನಿ ತಗ್ಗಿಸಿ, "ನಂಗೊಂದು ಗಾಳ ಬೇಕು ಕಣೇ ಪುಟ್ಟಿ," ಎಂದಳು. ನನಗೆ ನಗು ತಡೆಯಲಾಗಲಿಲ್ಲ. "ಮೀನಿನ ವಾಸನೆ ಬಂದ್ರೆ ಮೂಗು ಮುಚ್ಕೊಳ್ಳೋಳು ನೀನು! ಗಾಳ ಯಾಕೆ?"

"ಮೀನು ಯಾರಿಗೆ ಬೇಕು? ಅರ್ಧ ದಿನ ನನ್ನನ್ನ ಯಾರೂ ಕರೀಬಾರದು. ಅಷ್ಟೇ."

ಯಾವ ಬಣ್ಣದ ನೂಲು ಬೇಕು ಎಂದು ಹೇಳುವಷ್ಟೇ ಸಲೀಸಾಗಿ ಹೇಳಿದಳು. ಅತ್ತಿದ್ದರೆ ನಾನು ಸಮಾಧಾನ ಮಾಡಿ ಮನೆಗೆ ಹೋಗಿಬಿಡುತ್ತಿದ್ದೆ. ಅಳಲಿಲ್ಲವಾದ್ದರಿಂದ ನನಗೆ ಕೆಟ್ಟೆನಿಸಿತು. ನಾನು ಎರಡೇ ಬೀದಿ ಆಚೆ ಇರುವವಳು. ಶಾಲೆಯ ಕಚೇರಿಯಲ್ಲಿ ಟೈಪಿಸ್ಟು, ಭಾನುವಾರ ರಜೆ. ಬಂದು, ಅಕ್ಕ ಮಾಡಿದ್ದನ್ನು ಉಂಡು, ಊರ ಸುದ್ದಿ ಹೇಳಿ, ಕೈ ಬೀಸಿಕೊಂಡು ಹೋಗುತ್ತಿದ್ದೆ.

"ನಾನು ಬಂದು ನಿನ್ನ ಕುರ್ಚೀಲಿ ಕೂರ್ತೀನಿ," ಎಂದೆ. "ಫೋನಲ್ಲಿ ಎಲ್ರೂ ನನ್ನನ್ನ ನೀನು ಅಂದ್ಕೊಳ್ಳಲ್ವಾ? ನಮ್ಮಿಬ್ರ ಧ್ವನಿ ಒಂದೇ. ಅಪ್ಪಂಗೆ ಗೊತ್ತೇ ಆಗಲ್ಲ."

"ಒಂದು ಭಾನುವಾರಕ್ಕಾ?"

"ಪ್ರತಿ ಭಾನುವಾರ."

ಮಾತು ಕೊಡುವುದರಲ್ಲಿ ನನ್ನ ಕೈ ಬಲು ದೊಡ್ಡದು. ಡ್ರೈವರ್ ಬಳಿಯೇ ಒಂದು ಹಳೆಯ ಗಾಳ ಎರವಲು ತಂದರಾಯಿತು, ಕೂಸು ಹುಟ್ಟುವ ಮುಂಚೆ ಕುಲಾವಿ ಯಾಕೆ ಎಂದೂ ಹೇಳಿನೋಡಿದೆ. ಅಕ್ಕ ಒಪ್ಪಲಿಲ್ಲ. "ಎರವಲು ತಂದಿದ್ದನ್ನ ಇಷ್ಟು ಹೊತ್ತಿಗೆ ವಾಪಸ್ ಕೊಡಬೇಕು ಅಂತಿರುತ್ತೆ. ನಂದೇ ಬೇಕು," ಎಂದಳು.

ಮಧ್ಯಾಹ್ನ ಊಟವಾದ ಮೇಲೆ ಅಪ್ಪ ಒಂದು ಗಂಟೆ ಮಲಗುತ್ತಾರೆ. ಆ ಒಂದು ಗಂಟೆಯಲ್ಲಿ ನನ್ನ ಯಜಮಾನರನ್ನು ಮೆಟ್ಟಿಲ ಮೇಲೆ ಪತ್ರಿಕೆ ಕೊಟ್ಟು ಕಾವಲು ಕೂರಿಸಿ, ನಾವಿಬ್ಬರೂ ಕಳ್ಳಿಯರ ಹಾಗೆ ಚಪ್ಪಲಿ ಕೈಯಲ್ಲಿ ಹಿಡಿದು ಇಳಿದೆವು. ಬೀದಿಯಲ್ಲಿ ಅಕ್ಕ ಕುರುಡಿಯಂತೆ ನಡೆದಳು. ಕಿಟಕಿಯಿಂದ ನೋಡಿ ಗೊತ್ತಿದ್ದ ಬೀದಿ ಮೂಲೆಯವರೆಗೆ ಮಾತ್ರ. ಅದರಾಚೆ ಅಂಗಡಿಗಳೆಲ್ಲ ಬದಲಾಗಿದ್ದವು. ಗಡಿಯಾರದಂಗಡಿ ಇದ್ದ ಕಡೆ ಕನ್ನಡಕದಂಗಡಿ ಬಂದಿತ್ತು. ಅವಳು ಒಂದೊಂದಕ್ಕೂ ನಿಲ್ಲುತ್ತಿದ್ದಳು, ನಾನು ಒಂದೊಂದು ಸಲಕ್ಕೂ ಎಳೆಯುತ್ತಿದ್ದೆ.

ಗಾಳದಂಗಡಿ ರೈಲು ಡಬ್ಬಿಯಂತೆ ಉದ್ದಕ್ಕೆ, ಕಿರಿದಾಗಿತ್ತು. ಗೋಡೆಗೆ ಸಾಲಾಗಿ ಕೋಲುಗಳು, ಗಾಜಿನ ಪೆಟ್ಟಿಗೆಯಲ್ಲಿ ರೀಲುಗಳು, ನೀರ ಮೇಲೆ ತೇಲಿಬಿಡುವ ಬಣ್ಣಬಣ್ಣದ ಬೆಂಡುಗಳು, ಸೀಸದ ಗುಂಡುಗಳು. ಅಂಗಡಿಯವನಿಗೆ ಎರಡು ಕೆನ್ನೆಗೂ ಸಾಕಾಗುವಷ್ಟು ಮೀಸೆ.

"ಬನ್ನಿ, ಯಾರಿಗೆ? ಯಜಮಾನರಿಗಾ?"

"ನನಗೆ," ಎಂದಳು ಅಕ್ಕ.

ಮೀಸೆ ಒಮ್ಮೆ ಮೇಲೆದ್ದು ಕೂತಿತು. ಆದರೆ ವ್ಯಾಪಾರಿ ಜಾಣ, ನಗಲಿಲ್ಲ. "ಹೊಳೆನಾ, ಕೆರೆನಾ, ಸಮುದ್ರನಾ?"

"ಕೆರೆ."

"ಯಾವ ಮೀನು?"

"ಯಾವುದಾದ್ರೂ. ಬರದೇ ಇದ್ರೂ ಆಯ್ತು."

ಇಂಥ ಗಿರಾಕಿಯನ್ನು ಅವನು ಹಿಂದೆ ಕಂಡಿರಲಿಕ್ಕಿಲ್ಲ. ಗಲ್ಲ ಕೆರೆದುಕೊಂಡು ಪಾಠ ಶುರು ಮಾಡಿದ. ಹನ್ನೆರಡಡಿಯ ಕೋಲು ನೋಡೋಕೆ ಚೆಂದ, ಹೊಸಬರಿಗೆ ಮರಕ್ಕೆ ಸಿಕ್ಕಿಸೋಕೆ ಮಾತ್ರ ಒಳ್ಳೇದು. ನಾಲ್ಕೂವರೆ ಅಡಿದು ಮಕ್ಕಳಿಗಾಯ್ತು. ಆರರಿಂದ ಏಳಡಿ, ಎರಡು ತುಂಡು ಮಾಡಿ ಜೋಡಿಸೋದು, ಗಡುಸೂ ಅಲ್ಲ ಮೆತ್ತಗೂ ಅಲ್ಲ, ಅದು ನಿಮಗೆ. ಗಡುಸು ಕೋಲಿಗೆ ಸಣ್ಣ ಮೀನು ಕಚ್ಚಿದ್ದು ಗೊತ್ತಾಗಲ್ಲ, ತೀರಾ ಮೆತ್ತಗಿದ್ರೆ ದೊಡ್ಡ ಮೀನು ನಿಮ್ಮನ್ನೇ ಆಟ ಆಡಿಸುತ್ತೆ. ಕೋಲು ರೀಲು ಬೇರೆ ಬೇರೆ ತಗೊಂಡು ಗಂಡು ಹೆಣ್ಣಿನ ಜಾತಕ ಕೂಡಿಸೋದು ಬೇಡ, ಜೊತೆಯಾಗೇ ಬರೋ ಸೆಟ್ಟು ತಗೊಳ್ಳಿ.

ಹೀಗೆ ಹೇಳಿ ಮೊದಲು ಅತಿ ದುಬಾರಿಯದನ್ನೇ ಕೈಗಿಟ್ಟ. ಕಪ್ಪು ಕೋಲು, ದಾರ ಹಾಯಲು ಚಿನ್ನದ ಬಣ್ಣದ ರಿಂಗುಗಳು. ನನಗೆ ಅದೇ ಹಿಡಿಸಿತು. ಅಕ್ಕ ಬಣ್ಣದ ಕಡೆ ನೋಡಲೇ ಇಲ್ಲ. ರವಿಕೆಯ ತೋಳಿಗೆ ಚುಚ್ಚಿಕೊಂಡಿದ್ದ ಸೂಜಿಯಿಂದ ಒಂದೆಳೆ ರೇಷ್ಮೆ ಬಿಡಿಸಿದಳು, ಕೋಲಿನ ಒಂದೊಂದೇ ರಿಂಗಿನೊಳಗೆ ಅದನ್ನು ತೂರಿಸಿ ಹಿಂದಕ್ಕೂ ಮುಂದಕ್ಕೂ ಜಾರಿಸಿದಳು. ಮೂರನೆಯ ರಿಂಗಿನಲ್ಲಿ ಎಳೆ ನಿಂತಿತು. ಇನ್ನೊಮ್ಮೆ ಎಳೆದಳು, ರೇಷ್ಮೆಯ ಮೇಲೆ ಜುಂಗು ಎದ್ದಿತು.

"ಇಲ್ಲಿ ಬಿರುಕಿದೆ," ಎಂದಳು. "ದಾರ ಇಲ್ಲೇ ಕಡಿಯುತ್ತೆ."

ಅಂಗಡಿಯವನು ಕನ್ನಡಕ ಏರಿಸಿ, ದೀಪಕ್ಕೆ ಹಿಡಿದು, ಉಗುರಿನಿಂದ ಕೆರೆದು ನೋಡಿದ. ಅವನಿಗೆ ಕಾಣಿಸಲಿಲ್ಲ. ಕಡ್ಡಿಗೆ ಹತ್ತಿಯ ಚೂರು ಸುತ್ತಿ ಒಳಗೆ ತಿರುಗಿಸಿದ ಮೇಲೆ ಹತ್ತಿ ಅಲ್ಲೇ ಸಿಕ್ಕಿಕೊಂಡಿತು. "ಇಪ್ಪತ್ತು ವರ್ಷದಿಂದ ಮಾರ್ತಿದೀನಿ," ಎಂದು ತನಗೆ ತಾನೇ ಹೇಳಿಕೊಂಡು ಆ ಕೋಲನ್ನು ಹಿಂದಕ್ಕಿಟ್ಟ. ಅಲ್ಲಿಂದ ಮುಂದೆ "ಬನ್ನಿ" ಹೋಗಿ "ಬನ್ನಿ ಅಮ್ಮಾವ್ರೇ" ಆಯಿತು.

ರೀಲಿನ ಸರದಿ ಬಂತು. ಹೊಸಬರಿಗೆ ಇದೇ ಸುಲಭ ಎಂದು ಮುಚ್ಚಳದ ರೀಲು ತೋರಿಸಿದ. ದಾರವೆಲ್ಲ ಡಬ್ಬಿಯೊಳಗೆ ಇರುತ್ತದೆ, ಗುಂಡಿ ಒತ್ತಿಹಿಡಿದು ಬೀಸಿ, ಬಿಟ್ಟರಾಯಿತು.

"ದಾರ ಕಾಣೋದೇ ಇಲ್ವಾ?" ಎಂದು ಅಕ್ಕ ಕೇಳಿದಳು.

"ಕಾಣೋದು ಯಾಕಮ್ಮಾವ್ರೇ? ತೆರೆದ ರೀಲಲ್ಲಿ ಹೊಸಬರು ಸಿಕ್ಕು ಮಾಡ್ಕೋತಾರೆ."

"ಸಿಕ್ಕು ಬಿಡಿಸೋದೇ ನನ್ನ ಕಸುಬು. ತೆರೆದದ್ದೇ ಕೊಡಿ. ಮುಚ್ಚಿಟ್ಟಿದ್ದು ಬೇಡ."

ತೆರೆದ ರೀಲಿನಲ್ಲಿ ದಾರವನ್ನು ತೋರುಬೆರಳಿಗೆ ಸಿಕ್ಕಿಸಿಕೊಂಡು, ತಂತಿಯ ಕಮಾನು ಎತ್ತಿ, ಬೀಸುವ ಗಳಿಗೆಗೆ ಸರಿಯಾಗಿ ಬೆರಳು ಬಿಡಬೇಕು. ಹೊಸಬರಿಗೆ ಇದು ಬರುವಷ್ಟರಲ್ಲಿ ಒಂದು ತಿಂಗಳು ಎಂದ. ಅಕ್ಕನ ಬೆರಳಿಗೆ ಮೂರನೆಯ ಸಲಕ್ಕೇ ಬಂತು. ಹಿಡಿಕೆಯನ್ನು ಯಾವ ಕಡೆಗಾದರೂ ತಿರುಗಿಸಿ ಹಾಕಬಹುದೆಂದು ತೋರಿಸಿ, ಮುಂದಿನ ತಿರುಪನ್ನು ಮುಟ್ಟಿ ಹೇಳಿದ, "ಇದೇ ಮುಖ್ಯ. ಮೀನು ಜೋರಾಗಿ ಎಳೆದ್ರೆ ದಾರ ತಾನೇ ಸ್ವಲ್ಪ ಬಿಟ್ಕೊಡಬೇಕು. ಪೂರ್ತಿ ಬಿಗಿದಿಟ್ರೆ ಕಡಿದುಹೋಗುತ್ತೆ. ಎಷ್ಟು ಸಡಿಲ ಇರಬೇಕು ಅನ್ನೋದನ್ನ ಮನೇಲೇ ನೋಡಿಟ್ಕೊಂಡು ಹೋಗಿ."

"ನಮ್ಮನೇಲಿ ಸಡಿಲ ಅನ್ನೋದೇ ಇಲ್ಲ," ಎಂದೆ ನಾನು. ಅಕ್ಕ ನಕ್ಕಳು. ಅವಳು ಬಾಯಿ ತೆರೆದು ನಕ್ಕಿದ್ದನ್ನು ನೋಡಿ ಎಷ್ಟು ಕಾಲವಾಗಿತ್ತೋ, ಒಂದು ಕೋರೆಹಲ್ಲು ಇಲ್ಲದಿರುವುದು ನನಗೆ ಆಗಲೇ ಗೊತ್ತಾಗಿದ್ದು.

ಕೊನೆಗೆ ಆರೂವರೆ ಅಡಿಯ ಬೂದು ಬಣ್ಣದ ಸೆಟ್ಟು ಆಯ್ಕೆಯಾಯಿತು. ನೋಡಲು ಏನೂ ಅಲ್ಲ. ಆದರೆ ರಿಂಗುಗಳಲ್ಲಿ ರೇಷ್ಮೆ ಎಣ್ಣೆ ಹಚ್ಚಿದ ಹಾಗೆ ಜಾರುತ್ತಿತ್ತು, ಹಿಡಿ ಬೆಂಡಿನದು, ಕೈ ಬೆವರಿದರೂ ಜಾರದು. ಅದರ ಜೊತೆಗೆ ಬೆಂಡು, ಗುಂಡು, ಸಣ್ಣ ಕೊಕ್ಕೆ ಒಂದು ಡಜನ್. ಎಲ್ಲ ಕಟ್ಟುತ್ತ ಅಂಗಡಿಯವನು ಚಿಟಿಕೆ ಗಾತ್ರದ ಒಂದು ಹಿತ್ತಾಳೆ ಗಂಟೆಯನ್ನು ಮೇಲಿಟ್ಟ.

"ಇದು ನನ್ನ ಕಡೆಯಿಂದ. ಕೋಲಿನ ತುದಿಗೆ ಸಿಕ್ಕಿಸಿಬಿಡಿ. ಮೀನು ಕಚ್ಚಿದ್ರೆ ಇದೇ ಬಾರಿಸಿ ಕರೆಯುತ್ತೆ. ನೀವು ನೋಡ್ತಾ ಕೂರೋದೇ ಬೇಡ."

ಅಕ್ಕ ಗಂಟೆಯನ್ನು ಎರಡು ಬೆರಳಲ್ಲಿ ಎತ್ತಿ ಅವನ ಕೈಗೇ ಇಟ್ಟಳು. "ಬೇಡ. ನಾನೇ ನೋಡ್ತಾ ಕೂರ್ತೀನಿ."

"ಪುಕ್ಕಟೆ ಅಮ್ಮಾವ್ರೇ!"

"ಪುಕ್ಕಟೆಯಾದ್ರೂ ಬೇಡ."

ಮನೆಯಲ್ಲಿ ಗಾಳ ಬಟ್ಟೆಯ ಬೀರುವಿನ ಹಿಂದೆ ಸೇರಿತು. ಕೊಕ್ಕೆ ಇಲ್ಲದೆ, ಬರೀ ಸೀಸದ ಗುಂಡು ಕಟ್ಟಿ, ಕಿಟಕಿಯ ಬಳಿಯಿಂದ ಅಡುಗೆಮನೆಯ ಒಲೆಯವರೆಗೆ ಬೀಸುವುದನ್ನು ಅಕ್ಕ ದಿನಾ ಅಭ್ಯಾಸ ಮಾಡಿದಳು. ಒಲೆಯ ಮುಂದೆ ಒಂದು ತಟ್ಟೆ ಇಟ್ಟು, ವಾರದೊಳಗೆ ಗುಂಡನ್ನು ತಟ್ಟೆಗೇ ಬೀಳಿಸುತ್ತಿದ್ದಳು. ಒಳಗಿನಿಂದ ಅಪ್ಪ, "ಏನಮ್ಮಾ ಅದು ಕಿರಕಿರ?" ಎಂದರೆ, "ನೂಲು ಸುತ್ತೋ ಹೊಸ ಯಂತ್ರ ಅಪ್ಪ," ಎನ್ನುತ್ತಿದ್ದಳು. ಸುಳ್ಳೇನಲ್ಲವಲ್ಲ.

ಗೊತ್ತುಮಾಡಿಕೊಂಡ ಭಾನುವಾರ ಬೆಳಕು ಹರಿಯುತ್ತಲೇ ಅಕ್ಕನನ್ನು ಕೆರೆಗೆ ಕರೆದೊಯ್ಯಲು ಡ್ರೈವರೂ ಅವರ ಹೆಂಡತಿಯೂ ಬೀದಿಯಲ್ಲಿ ನಿಂತಿದ್ದರು. ಅಕ್ಕ ನನಗೆ ಎಲ್ಲ ಹೇಳಿಕೊಟ್ಟಳು. ಎಂಟಕ್ಕೆ ಬ್ರೆಡ್ಡು, ಹಾಲು. ಆಮೇಲೆ ಬಿಳಿ ಮಾತ್ರೆ. ಒಂಬತ್ತಕ್ಕೆ ರೇಡಿಯೋ ಸುದ್ದಿ. ಲೋಟವನ್ನು ಬಲಗಡೆಗೇ ಇಡಬೇಕು. ಹೆಚ್ಚು ಮಾತಾಡಬೇಡ, ಸಿಕ್ಕಿಬೀಳ್ತೀಯ. ಕರೆದಾಗ ಓಗೊಡು. ಫೋನನ್ನು ಲಂಗದ ಜೇಬಿಗೆ ಹಾಕಿಕೊಳ್ಳುತ್ತ, "ಬೆಂಕಿ ಬಿದ್ರೆ ಮಾತ್ರ ಕರಿ," ಎಂದಳು.

"ಬೆಂಕಿ ಬಿದ್ರೂ ನಾನೇ ಆರಿಸ್ತೀನಿ, ಹೋಗು ನೀನು."

ಅಕ್ಕ ಹೋದ ಮೇಲೆ ಮೊದಲ ಕೂಗು ಬಂತು. "ಇದ್ದೀಯಾ?"

"ಇದ್ದೀನಿ," ಎಂದೆ, ಥೇಟ್ ಅಕ್ಕನ ಹಾಗೆ. ನನ್ನ ಜಾಣತನಕ್ಕೆ ನಾನೇ ಬೀಗಿದೆ. ಇಷ್ಟೇ ತಾನೆ? ಹನ್ನೊಂದು ವರ್ಷದಿಂದ ಇದನ್ನು ಬೆಟ್ಟ ಹೊತ್ತವಳ ಹಾಗೆ ಹೊತ್ತುಕೊಂಡಿದ್ದಾಳಲ್ಲ ಎಂದು ಅಕ್ಕನ ಮೇಲೆ ಸ್ವಲ್ಪ ತಾತ್ಸಾರವೂ ಬಂತು. ವಾರಪತ್ರಿಕೆ ತೆಗೆದು ಕೂತೆ.

ಎರಡನೆಯ ಕೂಗು ಹತ್ತು ನಿಮಿಷಕ್ಕೇ ಬಂತು. ಮೂರನೆಯದು ಇನ್ನೂ ಬೇಗ. ಓದಲು ಹೊರಟರೆ ಸಾಲು ಮುಗಿಯುವ ಮೊದಲೇ ಕಿವಿ ಆ ಬಾಗಿಲ ಕಡೆಗೆ ಹೋಗುತ್ತಿತ್ತು. ಚಹಾ ಮಾಡಿಕೊಂಡೆ, ಅದು ತಣ್ಣಗಾಯಿತು. ಕೂಗು ಬಂದಾಗ ಬರುವ ಸಿಟ್ಟಿಗಿಂತ ಎರಡು ಕೂಗುಗಳ ನಡುವಿನ ಕಾಯುವಿಕೆಯೇ ಕೆಟ್ಟದ್ದು. ಆ ಕುರ್ಚಿಗೆ ಕೈಗಳಿಲ್ಲ, ಒರಗಿದರೆ ಬೆನ್ನಿಗೆ ಒಂದು ಪಟ್ಟಿ ಒತ್ತುತ್ತದೆ. ಕಿಟಕಿಯಲ್ಲಿ ಎದುರು ಮನೆಯ ಗೋಡೆ, ಒಂದು ಕೊಳವೆ, ಕೊಳವೆಯ ಮೇಲೆ ತುಕ್ಕು. ದೂರದ ಬೆಟ್ಟ ನುಣ್ಣಗೆ ಎಂದು ಯಾರೋ ಪುಣ್ಯಾತ್ಮರು ಹೇಳಿದ್ದು ಈ ಕುರ್ಚಿಯನ್ನು ನೋಡಿಯೇ ಇರಬೇಕು.

ಎಂಟಕ್ಕೆ ಬ್ರೆಡ್ಡು ಕೊಟ್ಟೆ. ಅಪ್ಪ ಅರ್ಧಕ್ಕೇ ನಿಲ್ಲಿಸಿದರು. "ಮೈ ಸರಿಯಿಲ್ವೇನಮ್ಮಾ?"

"ಸರಿಯಾಗೇ ಇದೆ."

"ನನ್ನ ಮೇಲೆ ಕೋಪಾನಾ?"

"ಇಲ್ಲ."

ತಟ್ಟೆಯನ್ನು ನನ್ನ ಕಡೆಗೆ ಚಾಚಿ, "ಚಿಕ್ಕವಳು ಇವತ್ತು ಬರ್ತಾಳಲ್ಲ, ಆಗ ನೀನೊಂದು ಗಳಿಗೆ ಮಲಕ್ಕೋ. ಅವಳು ಬರೋದೇ ತಿಂದು ಹೋಗೋಕೆ, ಆದ್ರೂ ಒಂದು ಗಳಿಗೆ ಕೂತಾಳು," ಎಂದರು.

ನನ್ನ ಕೈಯಲ್ಲೇ ತಟ್ಟೆ ಇತ್ತು. ಬಾಯಿ ಬಿಡುವ ಹಾಗಿಲ್ಲ. ಇಂಗು ತಿಂದ ಮಂಗನ ಹಾಗೆ ತಟ್ಟೆ ಎತ್ತಿಕೊಂಡು ಹೊರಗೆ ಬಂದೆ.

ಒಂಬತ್ತರ ಹೊತ್ತಿಗೆ ಎರಡು ನಿಮಿಷಕ್ಕೊಂದು ಕೂಗು. ನಾನು "ಇದ್ದೀನಿ" ಎನ್ನುವುದು, ಅಲ್ಲಿ ಏನನ್ನೋ ಕಾದಂತೆ ಮೌನ, ಮತ್ತೆ "ಇದ್ದೀಯಾ?" ರೇಡಿಯೋ ಹಾಕಿದರೆ ಆರಿಸು ಎಂದರು. ಇಪ್ಪತ್ತನೆಯದೋ ಮೂವತ್ತನೆಯದೋ ಕೂಗಿಗೆ ನನ್ನ ತಲೆ ಕೆಟ್ಟುಹೋಯಿತು. "ಇದ್ದೀನಿ! ಸತ್ತಿಲ್ಲ! ಎಷ್ಟು ಸಲ ಹೇಳ್ಬೇಕು ನಿಮಗೆ?" ಎಂದು ಅರಚಿದೆ.

ಕೂಗು ನಿಂತಿತು. ಮೊದಲ ಐದು ನಿಮಿಷ ಹಾಯೆನಿಸಿತು. ಆಮೇಲೆ ಆ ಹಾಯಿಯೇ ಭಯವಾಯಿತು. ಎದ್ದು ಹೋಗಿ ನೋಡಿದರೆ ಅಪ್ಪ ಮಂಚದಿಂದ ಇಳಿದು, ಗೋಡೆ ತಡವುತ್ತ, ಊರುಗೋಲಿಲ್ಲದೆ ಮೆಟ್ಟಿಲ ಕಡೆಗಿನ ಬಾಗಿಲಿಗೆ ಬಂದುಬಿಟ್ಟಿದ್ದರು. ನಾನು ಹಿಡಿದುಕೊಂಡೆ.

"ಯಾರು ನೀನು? ಅವಳೆಲ್ಲಿ? ಅವಳಿಗೇನಾಯ್ತು? ನಿಜ ಹೇಳು, ಅವಳಿಗೇನಾಯ್ತು?"

ಅಕ್ಕ ಕೆರೆಗೆ ಹೋಗಿದ್ದಾಳೆ, ನಾನು ಪುಟ್ಟಿ ಎಂದು ಹೇಳಬಹುದಿತ್ತು. ಪಕ್ಕದಲ್ಲಿ ಕೂರಿಸಿಕೊಂಡು ಕೈ ಹಿಡಿಯಬಹುದಿತ್ತು. ಅಷ್ಟು ಹೊತ್ತಿಗೆ ನನಗೆ ಆ ಮನೆಯಿಂದ ಹೊರಗೆ ಹೋದರೆ ಸಾಕಾಗಿತ್ತು. ಒಂದು ಕೈಯಲ್ಲಿ ಅಪ್ಪನನ್ನು ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಫೋನು ಒತ್ತಿದೆ. ಗಂಟೆ ಆಗ ಒಂಬತ್ತೂಕಾಲು. ಅಕ್ಕ ಕೆರೆ ಮುಟ್ಟಿ ಎರಡು ಗಂಟೆಯೂ ಆಗಿರಲಿಲ್ಲ.

ಅಲ್ಲಿ ಅರ್ಧ ಬಡಿತಕ್ಕೇ ಫೋನು ಎತ್ತಿದ ಸದ್ದಾಯಿತು. ಅಕ್ಕ ಹಲೋ ಎನ್ನಲಿಲ್ಲ. "ಇದ್ದೀನಿ," ಎಂದಳು.

"ಅಪ್ಪ ಎದ್ದು ಬಂದ್ಬಿಟ್ಟಿದ್ದಾರೆ. ನನ್ನ ಕೈಲಾಗಲ್ಲ ಅಕ್ಕ. ಬಂದ್ಬಿಡು."

"ಬಂದೆ," ಎಂದಳು. ಏನು, ಯಾಕೆ ಎಂದು ಕೇಳಲಿಲ್ಲ.

ಅವಳು ಬರುವವರೆಗೆ ಅಪ್ಪನನ್ನು ನಾನು ಮಂಚದ ಮೇಲೆ ಅದುಮಿ ಕೂರಿಸಿದ್ದೆ ಎಂದೇ ಹೇಳಬೇಕು. ಅಕ್ಕನ ಚಪ್ಪಲಿಯ ತುಂಬ ಕೆಸರು, ಬೆರಳುಗಳಲ್ಲಿ ಎರೆಹುಳುವಿನ ಮಣ್ಣು. ಹಾಗೇ ಒಳಗೆ ಹೋದಳು.

"ಇದ್ದೀಯಾ?" ಅಪ್ಪನ ದನಿ ಒಡೆದಿತ್ತು.

"ಇದ್ದೀನಿ ಅಪ್ಪ. ನೀವು?"

"ನಾನೂ ಇದ್ದೀನಮ್ಮಾ," ಎಂದರು. ಹೇಳಿ, ಒಂದು ಉದ್ದ ಉಸಿರು ಬಿಟ್ಟು, ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು. ನಾನು ಬಾಗಿಲಲ್ಲಿ ನಿಂತು ಅದನ್ನು ಮೊದಲ ಸಲ ಕೇಳಿದೆ.

ಹೊರಗೆ ಬಂದು ಅಕ್ಕ ಕೈ ತೊಳೆಯುತ್ತ, "ನೀನು ವಾಪಸ್ ಕೇಳಲಿಲ್ವಾ?" ಎಂದಳು.

"ಏನನ್ನ?"

"ನೀವು ಅಂತ. ಡಿಪೋಲಿ ಹಾಗೇ ಅಲ್ವೇನೇ? ಇವನು ಕೇಳಿದ್ರೆ ಅವನು ವಾಪಸ್ ಕೇಳ್ಬೇಕು. ಇಲ್ಲಾಂದ್ರೆ ಅವನಿಗೇನೋ ಆಗಿದೆ ಅಂತ ಅರ್ಥ. ಅವ್ರನ್ನೂ ಯಾರೋ ಕೇಳ್ತಾರೆ ಅನ್ನೋದಕ್ಕೇ ಅವ್ರು ಕರೆಯೋದು. ನಿಂಗೆ ಹೇಳೋಕೇ ಮರೆತೆ ನೋಡು. ನಂಗೆ ಅದು ಮಾತು ಅಂತ ಅನ್ನಿಸೋದೇ ಬಿಟ್ಟುಹೋಗಿದೆ."

ಮಧ್ಯಾಹ್ನ ಡ್ರೈವರು ಗಾಳವನ್ನು ತಂದುಕೊಟ್ಟರು. ಅಕ್ಕ ಅದನ್ನು ಅವರ ಕೈಗೆ ತುರುಕಿ ಬಸ್ಸಿಗೆ ಓಡಿಬಂದಿದ್ದಳಂತೆ. ಅವಳ ಫೋನು ಬಡಿದಾಗಲೇ ಬೆಂಡು ಮುಳುಗಿತ್ತಂತೆ. "ಮೊಳದುದ್ದ ಇತ್ತಮ್ಮಾ ಮೀನು. ಎಳೆದು ದಡಕ್ಕೆ ತಂದೆ. ಆದ್ರೆ ಅದು ನಿಮ್ಮದು, ನಾನ್ಯಾಕೆ ತಗೊಳ್ಳಲಿ ಅಂತ ಬಿಟ್ಬಿಟ್ಟೆ. ಮುಂದಿನ ವಾರ ಬನ್ನಿ, ಅಲ್ಲೇ ಇರುತ್ತೆ," ಎಂದರು. ಅಕ್ಕ ನೀರು ಕೊಟ್ಟು ಕಳಿಸಿದಳು.

ಅವರು ಹೋದ ಮೇಲೆ ಅಕ್ಕ ಗಾಳವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಎರಡು ತುಂಡು ಮಾಡಿ, ಒಣಬಟ್ಟೆಯಲ್ಲಿ ಸುತ್ತತೊಡಗಿದಳು. ನಾನು, "ಮುಂದಿನ ಭಾನುವಾರ..." ಎಂದು ಶುರು ಮಾಡಿದೆ. ಅವಳು ತಲೆಯೆತ್ತಲಿಲ್ಲ.

"ಬೇಡ ಪುಟ್ಟಿ. ಅಲ್ಲಿ ನಾನು ನೀರನ್ನ ನೋಡ್ಲೇ ಇಲ್ಲ. ಜೇಬಲ್ಲಿ ಫೋನಿನ ಮೇಲೆ ಕೈ ಇಟ್ಕೊಂಡು ಕೂತಿದ್ದೆ. ಯಾರೂ ಕರೀದೇ ಇದ್ರೆ ಏನಾಯ್ತೋ ಅಂತ ಎದೆ ಹೊಡ್ಕೋತಿತ್ತು. ನೀನು ಕರೆದೆಯಲ್ಲ, ಆಗ್ಲೇ ನಂಗೆ ಉಸಿರು ಬಂದಿದ್ದು."

ಇದಕ್ಕೆ ನಾನೇನು ಹೇಳಬೇಕಿತ್ತು ಎಂಬುದು ನನಗೆ ಗೊತ್ತಿತ್ತು. ಮೊದಲ ಸಲ ಹಾಗೇ ಆಗುತ್ತೆ ಅಕ್ಕ, ಎರಡನೇ ಸಲ ಕಮ್ಮಿಯಾಗುತ್ತೆ, ನಾಲ್ಕನೇ ವಾರ ನೀನು ಫೋನನ್ನೇ ಮನೇಲಿ ಬಿಟ್ಟು ಹೋಗ್ತೀಯ, ವಾಪಸ್ ಕೇಳೋದು ಈಗ ನಂಗೂ ಗೊತ್ತಾಯ್ತಲ್ಲ ಎನ್ನಬೇಕಿತ್ತು. ಅವಳು ಒಂದು ಸಲ ಬೇಡವೆಂದರೆ ನಾನು ಹತ್ತು ಸಲ ಹೋಗು ಎಂದು ದೂಡಬೇಕಿತ್ತು. ಅವಳು ಬಟ್ಟೆಯ ತುದಿಗೆ ಗಂಟು ಹಾಕುವುದನ್ನು ನಿಧಾನ ಮಾಡಿದಳು. ನಾನು ಹೇಳಲಿ ಎಂದೇ ನಿಧಾನ ಮಾಡಿದಳೇನೋ.

"ನಿನ್ನಿಷ್ಟ ಅಕ್ಕ," ಎಂದೆ.

"ಹೂಂ," ಎಂದು ಗಂಟು ಬಿಗಿದಳು.

ಆಮೇಲೆ ಊಟ ಮಾಡಿದೆವು. ಅವಳೇ ಬಡಿಸಿದಳು, ನಾನು ತಿಂದೆ. ಹೊರಡುವಾಗ ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದೆ. ಮುಂದಿನ ಭಾನುವಾರ ಆ ಕುರ್ಚಿ ನನ್ನದಲ್ಲ, ಅದರ ಮುಂದಿನದೂ ನನ್ನದಲ್ಲ ಎಂದು ನೆನೆದಾಗ ನನ್ನ ಕಾಲುಗಳು ಹಗುರಾದವು. ಎರಡೆರಡು ಮೆಟ್ಟಿಲು ಹಾರಿ ಇಳಿದೆ.